ಕೋಲಾರದ ಕ್ಲಿನಿಕ್ಕಿನಲ್ಲಿ ಮನೋಚಿಕಿತ್ಸೆಯ ವಿಧಾನವನ್ನು ನಾನು ಆರಿಸಿಕೊಳ್ಳುವ ಬಗೆ

ಕೋಲಾರದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞನಾಗಿರುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಮನಸ್ಸಿನ ತೊಂದರೆ ಎಂದು ಹೇಳಿಕೊಂಡು ಬರುವುದಿಲ್ಲ. ಎದೆ ಡವಡವ ಎನ್ನುತ್ತದೆ, ತಲೆ ಭಾರ, ಹೊಟ್ಟೆಯಲ್ಲಿ ಸಂಕಟ, ರಾತ್ರಿ ನಿದ್ದೆ ಹತ್ತುವುದಿಲ್ಲ ಎಂದು ಶುರುವಾಗುವ ಮಾತು, ಇಸಿಜಿ ಮತ್ತು ಸ್ಕ್ಯಾನಿಂಗ್ ವರದಿಗಳ ಕವರನ್ನು ಮೇಜಿನ ಮೇಲಿಟ್ಟ ನಂತರ ನಿಧಾನವಾಗಿ ಸಾಲಕ್ಕೋ, ಸಂಸಾರಕ್ಕೋ, ಭಯಕ್ಕೋ ಬರುತ್ತದೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಅನೇಕರ ಮನೆಮಾತು ತೆಲುಗು. ಕನ್ನಡದಲ್ಲಿ ಆರಂಭಿಸಿದವರು ನೋವಿನ ಭಾಗ ಬಂದಾಗ ತೆಲುಗಿಗೆ ಹೊರಳುತ್ತಾರೆ, ನಾನೂ ಹೊರಳುತ್ತೇನೆ. ಯಾವ ವಿಧಾನದ ಚಿಕಿತ್ಸೆ ಕೊಡಬೇಕೆಂಬುದನ್ನು ಕಾಯಿಲೆಯ ಹೆಸರೊಂದೇ ನಿರ್ಧರಿಸುವುದಿಲ್ಲ. ಈ ವ್ಯಕ್ತಿಯ ತೊಂದರೆ ಇಂದಿಗೂ ಯಾವುದರ ಬಲದಿಂದ ಮುಂದುವರಿಯುತ್ತಿದೆ, ಮುಂದಿನ ಭೇಟಿಯವರೆಗೆ ಮನೆಯಲ್ಲಿ ಅವರಿಂದ ಏನು ಮಾಡಲು ಸಾಧ್ಯ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ನಾನು ವಿಧಾನದ ಮಾತೆತ್ತುವುದಿಲ್ಲ. ಮುಂದೆ ಬರುವ ಪ್ರಸಂಗಗಳಲ್ಲಿ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಕೆಲವೆಡೆ ಹಲವರ ಸಂಗತಿಗಳನ್ನು ಕೂಡಿಸಿ ಬರೆದಿದ್ದೇನೆ.

ನರಸಾಪುರದ ಕಾರ್ಖಾನೆಯೊಂದರ ಯುವಕನಿಗೆ ಶಿಫ್ಟ್ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಸತ್ತೇಹೋಗುತ್ತೇನೆಂಬ ಭಯ ಬರುತ್ತಿತ್ತು. ಹೃದಯ ಮತ್ತು ಥೈರಾಯ್ಡ್ ಸರಿಯಾಗಿವೆಯೆಂದು ವೈದ್ಯರಿಂದ ಖಚಿತವಾದ ಬಳಿಕವೇ ಅವನು ನನ್ನಲ್ಲಿಗೆ ಬಂದದ್ದು. ದೇಹದ ಸಾಮಾನ್ಯ ಬದಲಾವಣೆಯನ್ನು ಸಾವಿನ ಸೂಚನೆಯೆಂದು ಓದಿಕೊಳ್ಳುವುದೇ ಪ್ಯಾನಿಕ್‌ನ ಮೂಲವೆಂದು 1986ರಲ್ಲಿ ಡೇವಿಡ್ ಕ್ಲಾರ್ಕ್ ಮುಂದಿಟ್ಟ ವಿವರಣೆಯನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. ಇಬ್ಬರೂ ಎದ್ದು ನಿಂತು ಒಂದು ನಿಮಿಷ ಜೋರಾಗಿ, ಬೇಗಬೇಗ ಉಸಿರಾಡಿದೆವು. ಕೈಬೆರಳು ಜುಮ್ಮೆಂದು ತಲೆ ತಿರುಗತೊಡಗಿದಾಗ ಅವನು, "ಬಸ್ಸಲ್ಲಿ ಆಗೋದು ಇದೇ ಸಾರ್" ಎಂದ. ಅನಂತರದ ಕೆಲಸ ಎದೆಬಡಿತವನ್ನು ತಾನಾಗಿಯೇ ತರಿಸಿಕೊಳ್ಳುವುದು, ಅದಕ್ಕೆ ಅಂತರಗಂಗೆ ಬೆಟ್ಟದ ಮೆಟ್ಟಿಲುಗಳು ಒದಗಿದವು. ಬಾಗಿಲ ಪಕ್ಕದ ಸೀಟು, ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಒಂದು ಮಾತ್ರೆ ಎಂಬ ಆಸರೆಗಳನ್ನು ಒಂದೊಂದಾಗಿ ಬಿಡಿಸಿದೆ. ಜೇಬಿನ ಮಾತ್ರೆ ಎಲ್ಲಕ್ಕಿಂತ ಕೊನೆಗೆ ಹೋಯಿತು. ಅದನ್ನು ಅವನು ನುಂಗುತ್ತಲೇ ಇರಲಿಲ್ಲ, ಆದರೆ ತಾನು ಬದುಕಿರುವುದು ಅದರಿಂದಲೇ ಎಂದು ನಂಬಿದ್ದ.

ಗೀಳಿನ ಕಾಯಿಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೇವಲ ಸಮಾಧಾನದ ಮಾತು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುವುದು ಇದರಲ್ಲಿ. ಟ್ಯಾಂಕರ್ ನೀರು ಕೊಳ್ಳುವ ಮನೆಯ ಸೊಸೆಯೊಬ್ಬರನ್ನು ಮನೆಯವರು ಕರೆತಂದದ್ದು ನೀರಿನ ಲೆಕ್ಕ ಕೈಮೀರಿದ ಮೇಲೆ. ಹೊರಗಿನಿಂದ ಬಂದವರ ಚಪ್ಪಲಿ, ಬಾಗಿಲ ಚಿಲಕ, ಹಾಲಿನ ಪ್ಯಾಕೆಟ್ಟು, ಯಾವುದನ್ನು ಮುಟ್ಟಿದರೂ ಮೊಣಕೈವರೆಗೆ ತೊಳೆಯಬೇಕು, ತೊಳೆದದ್ದು ಸಾಲದೆಂಬ ಅನುಮಾನ ಬಂದರೆ ಮತ್ತೆ ಮೊದಲಿನಿಂದ. ಇದು ಮನೆಯ ಮಡಿಯೋ ಕಾಯಿಲೆಯೋ ಎಂಬ ಪ್ರಶ್ನೆ ಮೊದಲು ಬರುತ್ತದೆ, ಅದಕ್ಕೆ ಉತ್ತರ ಕೊಡಬಲ್ಲವರು ಮನೆಯ ಹಿರಿಯರು. ಅತ್ತೆ ನೇರವಾಗಿಯೇ ಹೇಳಿದರು: "ನಮ್ಮ ಮಡಿ ಒಂದು ಬಿಂದಿಗೆ ನೀರಿಗೆ ಮುಗಿಯುತ್ತೆ. ಇವಳದು ತೊಟ್ಟಿ ಖಾಲಿಯಾದ್ರೂ ಮುಗಿಯಲ್ಲ."

ಲಂಡನ್ನಿನಲ್ಲಿ ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ಮೇಲೆ ನಡೆಸಿ ವರದಿ ಮಾಡಿದ ಚಿಕಿತ್ಸೆಯಿಂದ ಬೆಳೆದುಬಂದ ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಅಂದರೆ ಇಆರ್‌ಪಿಯೇ ಇಂದಿಗೂ ಗೀಳಿಗೆ ನಾವು ಮೊದಲು ಆರಿಸಿಕೊಳ್ಳುವ ಮನೋಚಿಕಿತ್ಸೆ. ಭಯ ಹುಟ್ಟಿಸುವುದನ್ನು ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯಬಾರದು. ಹೇಳಲು ಇಷ್ಟೇ, ಮಾಡಲು ಕಠಿಣ. ಆದ್ದರಿಂದ ಮೊದಲು ಭಯಗಳನ್ನು ಅಳೆದು ಸಾಲಾಗಿ ಜೋಡಿಸುತ್ತೇವೆ. ಜೋಸೆಫ್ ವೋಲ್ಪೆ ಬಳಕೆಗೆ ತಂದ ಸೊನ್ನೆಯಿಂದ ನೂರರವರೆಗಿನ ಅಳತೆಯನ್ನು ನಾನು ಇಲ್ಲಿ ರೂಪಾಯಿಯ ಲೆಕ್ಕದಲ್ಲಿ ಕೇಳುತ್ತೇನೆ: "ನಿಮ್ಮ ಪೂರ್ತಿ ಭಯ ಒಂದು ರೂಪಾಯಿ ಅಂದುಕೊಳ್ಳಿ ಅಮ್ಮ, ಚಿಲಕ ಮುಟ್ಟಿದರೆ ಎಷ್ಟು ಪೈಸೆ?" ಚಿಲಕ ನಲವತ್ತು ಪೈಸೆ, ಹಾಲಿನ ಪ್ಯಾಕೆಟ್ಟು ಐವತ್ತೈದು, ಚಪ್ಪಲಿ ತೊಂಬತ್ತು. ನಲವತ್ತರಿಂದ ಶುರು ಮಾಡಿದೆವು. ನನ್ನ ಕೋಣೆಯ ಚಿಲಕವನ್ನು ಮೊದಲು ನಾನು ಹಿಡಿದು, ಅದೇ ಕೈಯನ್ನು ನನ್ನ ಅಂಗಿಗೆ, ಕೆನ್ನೆಗೆ ಸವರಿಕೊಂಡೆ. ಆಮೇಲೆ ಅವರು ಹಿಡಿದರು. ತೊಳೆಯದೆ ಕುಳಿತ ಅಷ್ಟೂ ಹೊತ್ತು ಆಗಾಗ ಪೈಸೆ ಎಷ್ಟೆಂದು ಕೇಳುವುದನ್ನು ಬಿಟ್ಟರೆ ನಾನು ಹೆಚ್ಚು ಮಾತನಾಡಲಿಲ್ಲ. ಇಂಥ ಹೊತ್ತಿನಲ್ಲಿ ಧೈರ್ಯದ ಮಾತು ಹೇಳಿದರೆ ಅದೂ ಒಂದು ಬಗೆಯ ತೊಳೆಯುವಿಕೆಯಾಗುತ್ತದೆ. ಐವತ್ತಕ್ಕೆ ಏರಿದ್ದು ಮೂವತ್ತಕ್ಕೆ ಇಳಿಯಿತು. ಇಳಿಯದಿದ್ದ ದಿನಗಳೂ ಇದ್ದವು. ಭಯ ಇದ್ದಾಗಲೂ ಕೈ ತೊಳೆಯದೆ ಅಡುಗೆ ಕೋಣೆಯಿಂದಾಚೆ ಓಡಾಡಬಹುದೆಂದು ತಿಳಿಯುವುದಕ್ಕೆ ಆ ದಿನಗಳೇ ಹೆಚ್ಚು ಸಹಾಯ ಮಾಡಿದವೆಂಬುದು ನನ್ನ ಅಭಿಪ್ರಾಯ. ಮನೆಯವರಿಗೆ ಕೊಟ್ಟ ಕೆಲಸ ಒಂದೇ: "ನಾನು ಸರಿಯಾಗಿ ತೊಳೆದೆನಾ?" ಎಂದು ಅವರು ಕೇಳಿದರೆ ಉತ್ತರ ಹೇಳಬಾರದು. ಗಂಡನಿಗೆ ಇದು ನಿರ್ದಯೆಯೆನಿಸಿತ್ತು. ಜೊತೆಗೆ ಮನೋವೈದ್ಯರು ಬರೆದ ಮಾತ್ರೆಯೂ ನಡೆದಿತ್ತು. ತೀವ್ರವಾದ ಗೀಳಿಗೆ ಎರಡೂ ಸೇರಿದರೇ ಒಳಿತು.

ಖಿನ್ನತೆಗೆ ಬಂದ ಟೊಮೆಟೊ ಬೆಳೆಗಾರರೊಬ್ಬರಲ್ಲಿ ಇದೇ ಮಾದರಿಯ ಕಟ್ಟುನಿಟ್ಟಿನ ಅಭ್ಯಾಸ ನಡೆಯುವಂತಿರಲಿಲ್ಲ. ಮಾರುಕಟ್ಟೆಯಲ್ಲಿ ಹದಿನೈದು ಕೆಜಿಯ ಬಾಕ್ಸಿಗೆ ಬಿಡಿಸುವ ಕೂಲಿಯೂ ಸಾಗಣೆಯೂ ಹುಟ್ಟದ ಬೆಲೆ ಬಂದು, ಹಣ್ಣನ್ನು ಗಿಡದಲ್ಲೇ ಬಿಟ್ಟು, ಅವರು ಹಾಸಿಗೆ ಹಿಡಿದಿದ್ದರು. ಇಂಥವರನ್ನು ನಾನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಸಾಯುವ ಯೋಚನೆ ಬರುತ್ತಿದೆಯೇ ಎಂಬುದೊಂದು. ಹಾಗೆ ಕೇಳಿದರೆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ಭಯ ಸುಳ್ಳು. ಬರುತ್ತಿದೆ ಎಂದರು. ಆ ದಿನವೇ ಅವರ ಒಪ್ಪಿಗೆ ಪಡೆದು, ಪಂಪ್‌ಹೌಸಿನಲ್ಲಿದ್ದ ಕೀಟನಾಶಕದ ಡಬ್ಬಗಳನ್ನು ಮಗ ಬೇರೆ ಮನೆಗೆ ಸಾಗಿಸುವಂತೆ ಮಾಡಿ, ಮನೋವೈದ್ಯರ ಭೇಟಿಯನ್ನೂ ಗೊತ್ತುಮಾಡಿದ ಮೇಲೆಯೇ ಉಳಿದ ಮಾತು.

ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಕ್ರಮದಂತೆ ಆಲೋಚನೆಗಳನ್ನು ಬರೆದು ಪರೀಕ್ಷಿಸುವುದು ಒಳ್ಳೆಯ ವಿಧಾನವೇ. ಆದರೆ ಇವರಿಗೆ ಬರೆಯುವ ರೂಢಿಯಿರಲಿಲ್ಲ, ಮೇಲಾಗಿ ಸಾಲ ಎನ್ನುವುದು ತಪ್ಪು ಆಲೋಚನೆಯಲ್ಲ, ಕೊಡಬೇಕಾದ ನಿಜವಾದ ಹಣ. ನೀಲ್ ಜೇಕಬ್ಸನ್ ಮತ್ತು ಸಹೋದ್ಯೋಗಿಗಳು 1996ರಲ್ಲಿ, ಆ ಚಿಕಿತ್ಸೆಯಲ್ಲಿನ ಚಟುವಟಿಕೆಯ ಭಾಗವೊಂದೇ ಇಡೀ ಚಿಕಿತ್ಸೆಯಷ್ಟು ಫಲ ಕೊಡುತ್ತದೆಂದು ತೋರಿಸಿದ್ದರು. ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ ಅದೇ ನೆಲೆಯ ಚಿಕಿತ್ಸೆಯನ್ನು ವೃತ್ತಿಪರರಲ್ಲದ, ತರಬೇತಿ ಪಡೆದ ಸ್ಥಳೀಯರ ಮೂಲಕ ಕೊಡಿಸಿ, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿತು. ನಾನು ಹಿಡಿದದ್ದೂ ಆ ದಾರಿಯನ್ನೇ. ಹುಮ್ಮಸ್ಸು ಬಂದ ಮೇಲೆ ಏಳುತ್ತೇನೆನ್ನುವ ಬದಲು, ಎದ್ದ ಮೇಲೆ ಹುಮ್ಮಸ್ಸು ಬರುತ್ತದೆಯೇ ಎಂದು ನೋಡುವುದು. ಬೆಳಿಗ್ಗೆ ಮತ್ತು ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು ಊರಿನಲ್ಲಿ ಯಾರಿಗಾಗಿಯೂ ಬದಲಾಗುವುದಿಲ್ಲವಾದ್ದರಿಂದ ಅದನ್ನೇ ದಿನದ ಗೂಟ ಮಾಡಿಕೊಂಡೆವು. ಮೊದಲ ವಾರ ಕ್ಯಾನು ಹಿಡಿದು ಡೈರಿಯವರೆಗೆ ನಡೆದು ಬರುವುದಷ್ಟೇ, ಯಾರೊಡನೆಯೂ ಮಾತನಾಡಬೇಕಿಲ್ಲ. ಮಗ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ. ಸಾಲದ ಪಟ್ಟಿ ಮಾಡಿ ಯಾರಿಗೆ ಮೊದಲು ಏನು ಹೇಳಬೇಕೆಂಬ ಚರ್ಚೆಗೆ ಕೈಹಾಕಿದ್ದು ನಿದ್ದೆ ಮತ್ತು ಊಟ ಒಂದು ಹದಕ್ಕೆ ಬಂದ ಮೇಲೆ.

ಕುಡಿತದ ವಿಷಯದಲ್ಲಿ ಉಪದೇಶ ಮಾಡುವವರು ಮನೆಯಲ್ಲಿ ಸಾಕಷ್ಟಿರುತ್ತಾರೆ. "ಇವಳ ಬಲವಂತಕ್ಕೆ ಬಂದಿದ್ದೀನಿ" ಎನ್ನುವವರಿಗೆ ಕುಡಿತದಿಂದ ಸಿಗುವುದೇನೆಂದು ಮೊದಲು ಕೇಳುತ್ತೇನೆ, ಕಳೆದುಕೊಂಡದ್ದರ ಮಾತು ಆಮೇಲೆ ಅವರ ಬಾಯಿಂದಲೇ ಬರುತ್ತದೆ. ವಿಲಿಯಂ ಮಿಲ್ಲರ್ 1983ರಲ್ಲಿ ವಿವರಿಸಿದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್‌ನ ತಿರುಳು ಇದೇ. ಆದರೆ ನಿತ್ಯ ಹೆಚ್ಚು ಕುಡಿಯುವವರು ದೇವರ ಮುಂದೆ ಆಣೆಯಿಟ್ಟು ಒಂದೇ ದಿನಕ್ಕೆ ನಿಲ್ಲಿಸುವುದನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಮೊದಲು ವೈದ್ಯರು, ಆಮೇಲೆ ಆಣೆ.

ಕಿವಿಯಲ್ಲಿ ದನಿ ಕೇಳುವವರಿಗೂ ಹಾಗೆಯೇ, ಔಷಧವೇ ಮೊದಲು. ನನ್ನ ಕೆಲಸವೆಲ್ಲ ಮನೆಯವರೊಂದಿಗೆ: ಗದರುವುದನ್ನು ಕಡಿಮೆ ಮಾಡುವುದು, ಸೋಮಾರಿತನವೆಂದು ಕಾಣುವುದೂ ಕಾಯಿಲೆಯ ಭಾಗವೆಂದು ತಿಳಿಸುವುದು. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗುವುದಕ್ಕೆ ನನ್ನ ತಕರಾರಿಲ್ಲ, ಮಾತ್ರೆ ತಪ್ಪದಿದ್ದರೆ ಸಾಕು. ಆದರೆ ಕುಟುಂಬ ಎಷ್ಟೇ ಹತ್ತಿರವಿದ್ದರೂ ಪ್ರತಿ ಭೇಟಿಯಲ್ಲಿ ಸ್ವಲ್ಪ ಹೊತ್ತು ರೋಗಿಯೊಬ್ಬರನ್ನೇ ಕೂರಿಸಿಕೊಳ್ಳುತ್ತೇನೆ. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರಿಗೆ ಕೊಟ್ಟ ಹಕ್ಕು. "ಅವಳು ಏನಂದ್ಲು, ನಮಗೂ ಹೇಳಿ ಸಾರ್" ಎಂದು ಬಾಗಿಲಲ್ಲೇ ತಡೆಯುವ ಅಣ್ಣಂದಿರಿಗೆ, ಅವರನ್ನೇ ಕೇಳಿ ಎನ್ನುತ್ತೇನೆ.

ಚಿಕಿತ್ಸೆಯನ್ನು ಒಮ್ಮೆಲೇ ಮುಗಿಸುವುದಿಲ್ಲ. ವಾರದ ಭೇಟಿ ಹದಿನೈದು ದಿನಕ್ಕೆ, ಅನಂತರ ತಿಂಗಳಿಗೆ ಹೋಗುತ್ತದೆ. ಕೊನೆಯ ಭೇಟಿಯಲ್ಲಿ ಒಂದು ಹಾಳೆ ಬರೆದುಕೊಡುತ್ತೇನೆ, ಓದಲು ಬಾರದವರಿಗೆ ಅವರದೇ ಫೋನಿನಲ್ಲಿ ಧ್ವನಿಮುದ್ರಿಸಿ ಕೊಡುತ್ತೇನೆ. ತೊಂದರೆ ಮರಳುವಾಗ ಅವರಲ್ಲಿ ಮೊದಲು ಕಾಣುವ ಲಕ್ಷಣ, ಆಗ ಮಾಡಬೇಕಾದ ಮೊದಲ ಕೆಲಸ, ರಾತ್ರಿ ಹೊತ್ತಿನಲ್ಲಿ ನಾನು ಸಿಗದಿದ್ದರೆ ಕರೆ ಮಾಡಬೇಕಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಇಷ್ಟು ಅದರಲ್ಲಿರುತ್ತದೆ. ಟೊಮೆಟೊ ಬೆಳೆಗಾರರ ಹಾಳೆಯಲ್ಲಿನ ಮೊದಲ ಲಕ್ಷಣವನ್ನು ಅವರ ಹೆಂಡತಿ ಹೇಳಿ ಬರೆಸಿದರು: ಎರಡು ದಿನ ಮೇಲಿಂದ ಮೇಲೆ ಹಾಲಿನ ಕ್ಯಾನನ್ನು ಮಗನ ಕೈಗೆ ಕೊಡುವುದು.