ಅಂಬಾಸಿಡರ್ ವ್ಯಾಕ್ಯೂಮ್ ಪೈಪು: ನಾನು ಕೂಡಿಸಿದ ಬಗೆ

1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕದ ವ್ಯಾಕ್ಯೂಮ್ ಡಬ್ಬಿಗೆ ಕಾರ್ಬುರೇಟರಿನಿಂದ ಬರಬೇಕಾದ ಪೈಪೇ ಇರಲಿಲ್ಲ. ಪೈಪಿಲ್ಲದೆಯೂ ಗಾಡಿ ಓಡುತ್ತದೆ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ಎಕ್ಸಲೇಟರ್ ಸ್ವಲ್ಪವೇ ಒತ್ತಿದಾಗ ಸಿಲಿಂಡರಿಗೆ ಹೋಗುವ ಪೆಟ್ರೋಲ್-ಗಾಳಿ ಮಿಶ್ರಣ ಕಮ್ಮಿ, ಉರಿಯುವುದು ನಿಧಾನ. ಹಾಗಾಗಿ ಕಿಡಿ ಇನ್ನಷ್ಟು ಮುಂಚೆ ಬೀಳಬೇಕು. ಪೈಪಿನಲ್ಲಿ ಬರುವ ಕಾರ್ಬುರೇಟರಿನ ಎಳೆತದಿಂದ ಡಬ್ಬಿ ಮಾಡುವುದು ಇದೇ ಕೆಲಸ.

ಮೊದಲು ಡಬ್ಬಿಯೊಳಗಿನ ಪೊರೆ, ಅಂದರೆ ಡಯಾಫ್ರಾಮ್ ನೋಡಿದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಡಬ್ಬಿಗೆ ತುಂಡು ಪೈಪು ಸಿಕ್ಕಿಸಿ, ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಬೇಕು. ಈ ಇಂಜಿನ್‌ನಲ್ಲಿ ಮೇಲಿನಿಂದ ನೋಡಿದರೆ ರೋಟರ್ (ಕ್ಯಾಪಿನೊಳಗೆ ಸುತ್ತುವ ಭಾಗ) ಎಡಕ್ಕೆ ಸುತ್ತುತ್ತದೆ, ಪಾಯಿಂಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸ್ವಿಚ್ಚು) ಕೂತಿರುವ ಪ್ಲೇಟ್ ಬಲಕ್ಕೆ ಸರಿದು ಅಲ್ಲೇ ನಿಲ್ಲಬೇಕು. ಗಾಳಿ ಸರಾಗವಾಗಿ ಬಂದರೆ ಡಯಾಫ್ರಾಮ್ ಹರಿದಿದೆ. ಗಾಳಿ ಬರದೆ ಪ್ಲೇಟೂ ಅಲುಗದಿದ್ದರೆ ಪ್ಲೇಟ್ ಜಾಮ್. ಎರಡು ಹನಿ ತೆಳು ಆಯಿಲ್ ಸಾಕು, ಪಾಯಿಂಟಿಗೆ ತಾಗದಂತೆ.

ಪ್ಲೇಟಿನಿಂದ ಬಾಡಿಗೆ ಹೋಗುವ ಬಟ್ಟೆ ಸುತ್ತಿದ ಸಣ್ಣ ಅರ್ತ್ ವೈರನ್ನು ಬೆರಳಲ್ಲಿ ಎಳೆದು ನೋಡಿ. ವರ್ಷಗಟ್ಟಲೆ ನಿಂತಿದ್ದ ಪ್ಲೇಟ್ ಮತ್ತೆ ಆಡತೊಡಗಿದರೆ ಈ ವೈರು ಒಳಗೇ ತುಂಡಾಗಬಹುದು, ಮೇಲಿನ ಬಟ್ಟೆ ನೆಟ್ಟಗಿರುತ್ತದೆ. ಆಗ ಎಕ್ಸಲೇಟರ್ ಒತ್ತಿದಾಗಲೆಲ್ಲ ಮಿಸ್ಸಿಂಗ್, ಬೈಗುಳ ಕಾರ್ಬುರೇಟರಿಗೆ!

ಆಮೇಲೆ ಪಾಯಿಂಟ್ ಗ್ಯಾಪ್: 0.35ರಿಂದ 0.40 ಮಿ.ಮೀ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಬೀಳುವ ಹೊತ್ತು) ಬದಲಾಗುವುದರಿಂದ ಇದು ಮೊದಲು. ಟೈಮಿಂಗ್ ಲೈಟ್ ಹಿಡಿಯುವಾಗ ಪೈಪು ಬಿಚ್ಚಿ, ಕಾರ್ಬುರೇಟರ್ ಕಡೆಯ ಬಾಯಿ ಮುಚ್ಚಿರಬೇಕು.

ಗೊಂದಲ ಆಗುವುದು ಪೈಪನ್ನು ಯಾವ ಮೂತಿಗೆ ಕೂಡಿಸಬೇಕು ಎಂಬಲ್ಲಿ. ಕಾರ್ಬುರೇಟರಿನಲ್ಲಿ ಎಕ್ಸಲೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ಪ್ಲೇಟಿನ ಅಂಚಿಗಿಂತ ಸ್ವಲ್ಪ ಮೇಲೆ ತೂತಿರುವ ಮೂತಿ ಬೇಕು. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬೆರಳಿಟ್ಟರೆ ಎಳೆತ ಇರಬಾರದು, ಕೊಂಚ ಎಕ್ಸಲೇಟರ್ ಕೊಟ್ಟರೆ ಎಳೆಯಬೇಕು. ಐಡ್ಲಿಂಗ್‌ನಲ್ಲೇ ಎಳೆದರೆ ಅದು ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಸಿಲಿಂಡರಿಗೆ ಮಿಶ್ರಣ ಒಯ್ಯುವ ಕೊಳವೆ) ಮೂತಿ. ಅಲ್ಲಿ ಸಿಕ್ಕಿಸಿದರೆ ಐಡ್ಲಿಂಗ್ ಏರುತ್ತದೆ, ಸ್ಕ್ರೂ ತಿರುಗಿಸಿ ಇಳಿಸುತ್ತಾರೆ, ಹಳೆ ಸೆಟ್ಟಿಂಗ್ ಎಲ್ಲ ಕೆಡುತ್ತದೆ.

ಮ್ಯಾನಿಫೋಲ್ಡಿಗೆ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕುವವರಿಗೆ ಒಂದು ಮಾತು: ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಪುಸ್ತಕದ ಅಂಕಿಗಿಂತ ಸುಮಾರು 2 ಇಂಚು (ಪಾದರಸದ ಲೆಕ್ಕ) ಕಮ್ಮಿ ತೋರಿಸುವುದು ಸಹಜ. ಇಲ್ಲದ ಲೀಕ್ ಹುಡುಕಬೇಡಿ.

ಪೈಪು ಪೆಟ್ರೋಲ್ ತಡೆಯುವ ರಬ್ಬರಿನದೇ ಆಗಿರಲಿ, ಸೈಲೆನ್ಸರ್ ಕಡೆಯಿಂದ ದೂರವಿರಲಿ. ಕಾರ್ಬುರೇಟರಿನಿಂದ ಮೇಲಕ್ಕೆ ಏರಿಸಿ ತಂದರೆ ಡಯಾಫ್ರಾಮಿಗೆ ಪೆಟ್ರೋಲ್ ಇಳಿಯದು.

ಕೊನೆಗೆ ಚಿತ್ರದುರ್ಗದ ಜೋಗಿಮಟ್ಟಿ ಏರು ಹತ್ತಿಸಿದೆ. ಎಕ್ಸಲೇಟರ್ ಪೂರ್ತಿ ಒತ್ತಿ ಹತ್ತುವಾಗ ಇಂಜಿನ್ ಟಿಣಿಟಿಣಿ ಎಂದರೆ ತಪ್ಪು ವ್ಯಾಕ್ಯೂಮಿನದಲ್ಲ, ಆಗ ಎಳೆತವೇ ಇರುವುದಿಲ್ಲ. ಮೂಲ ಟೈಮಿಂಗ್ ಮುಂದಾಗಿರುತ್ತದೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗೆ ವೇಗಕ್ಕೆ ತಕ್ಕಂತೆ ಕಿಡಿ ಮುಂದೆ ತರುವ ವೇಯ್ಟ್‌ಗಳ ಸ್ಪ್ರಿಂಗ್ ಸಡಿಲ. ಹೈವೇಯಲ್ಲಿ ಹಗುರ ಕಾಲಿಗೇ ಟಿಣಿಗುಟ್ಟಿದರೆ, ಪೈಪು ಬಿಚ್ಚಿ ಬಾಯಿ ಮುಚ್ಚಿ ಅದೇ ದಾರಿಯಲ್ಲಿ ಓಡಿಸಿ. ಸದ್ದು ನಿಂತರೆ ಡಬ್ಬಿಯ ಮೇಲೆ ಅನುಮಾನ.