30 ಸೆಕೆಂಡಿನ ಕರೆಗಂಟೆ: ಫೋನಿಗೆ ನಿಮ್ಮದೇ ರಿಂಗ್‌ಟೋನ್ ಹಾಕಿಕೊಳ್ಳುವುದು ಹೇಗೆ?

ಮದುವೆಮನೆಯ ಊಟದ ಪಂಕ್ತಿಯಲ್ಲಿ ಒಂದು ಫೋನು ಹೊಡೆದುಕೊಂಡರೆ ಸಾಕು, ಸಾಲಿನಲ್ಲಿ ಕುಳಿತ ಐದಾರು ಮಂದಿ ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ಎಡಗೈಯಿಂದ ಜೇಬು ತಡವಿಕೊಳ್ಳುತ್ತಾರೆ. ಒಂದು ಕಂಪನಿಯ ಫೋನುಗಳೆಲ್ಲ ಒಂದೇ ಸದ್ದನ್ನು ಹೊತ್ತು ಅಂಗಡಿಗೆ ಬರುತ್ತವೆ. ಕೊಂಡ ದಿನ ಇದ್ದ ರಿಂಗ್‌ಟೋನನ್ನು ಫೋನು ಕೆಡುವವರೆಗೂ ಹಾಗೆಯೇ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ. ಬದಲಿಸುವುದಕ್ಕೆ ಹಣ ಬೇಕಿಲ್ಲ, ಕಾಲು ಗಂಟೆಯ ಬಿಡುವು ಸಾಕು. ಆ ಕಾಲು ಗಂಟೆಯಲ್ಲಿ ದೊಡ್ಡ ಪಾಲನ್ನು ಸೆಟ್ಟಿಂಗ್ಸ್ ಹುಡುಕುವುದಕ್ಕಿಂತ ಸದ್ದಿನ ಸರಿಯಾದ ತುಣುಕನ್ನು ಆರಿಸಿ ಕತ್ತರಿಸುವುದಕ್ಕೆ ಕೊಡಬೇಕು ಎಂಬುದು ನನ್ನ ಅನುಭವ.

ಮೊದಲೇ ಒಂದು ಗೊಂದಲವನ್ನು ಬಿಡಿಸಿಬಿಡೋಣ. ರಿಂಗ್‌ಟೋನ್ ಬೇರೆ, ಕಾಲರ್ ಟ್ಯೂನ್ ಬೇರೆ. ನಿಮಗೆ ಕರೆ ಬಂದಾಗ ನಿಮ್ಮ ಫೋನಿನಿಂದ ಹೊರಡುವುದು ರಿಂಗ್‌ಟೋನ್. ನಿಮಗೆ ಕರೆ ಮಾಡಿದವರ ಕಿವಿಗೆ, ನೀವು ಎತ್ತುವವರೆಗೆ ಕೇಳಿಸುವುದು ಕಾಲರ್ ಟ್ಯೂನ್. 2020ರಲ್ಲಿ ಯಾರಿಗೆ ಕರೆ ಮಾಡಿದರೂ ಕೆಮ್ಮಿನೊಂದಿಗೆ ಶುರುವಾಗುತ್ತಿದ್ದ ಕೊರೊನಾ ಎಚ್ಚರಿಕೆ ಈ ಎರಡನೆಯ ಜಾತಿಗೆ ಸೇರಿದ್ದು. ಕಾಲರ್ ಟ್ಯೂನ್ ಇರುವುದು ಸಿಮ್ ಕಂಪನಿಯ ಜಾಲದಲ್ಲಿ. ಅದನ್ನು ಅವರ ಮೂಲಕವೇ ಹಾಕಿಸಿಕೊಳ್ಳಬೇಕು, ಅದಕ್ಕೆ ಶುಲ್ಕವೂ ಇರಬಹುದು. ರಿಂಗ್‌ಟೋನ್ ಇರುವುದು ನಿಮ್ಮ ಕೈಯಲ್ಲಿರುವ ಫೋನಿನಲ್ಲಿ. ಆದ್ದರಿಂದ ‘ರಿಂಗ್‌ಟೋನ್ ಹಾಕಲು ಈ ಸಂಖ್ಯೆ ಒತ್ತಿ’ ಎನ್ನುವ ಸಂದೇಶ ಬಂದರೆ ಅದು ನಿಮಗೆ ಬೇಕಾದ ಕೆಲಸವಲ್ಲ ಎಂದು ತಿಳಿದುಕೊಳ್ಳಿ.

ಎಷ್ಟು ಉದ್ದ ಇರಬೇಕು?

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2019ರ ನವೆಂಬರ್‌ನಲ್ಲಿ ಒಂದು ನಿಯಮ ತಂದಿತು. ಅದರ ಪ್ರಕಾರ ಎತ್ತದ ಕರೆ ಮೊಬೈಲಿನಲ್ಲಿ 30 ಸೆಕೆಂಡು, ಸ್ಥಿರ ದೂರವಾಣಿಯಲ್ಲಿ 60 ಸೆಕೆಂಡು ರಿಂಗಾಗಬೇಕು. ಅದಕ್ಕೆ ಮುಂಚೆ ಕಂಪನಿಗಳು ರಿಂಗಿನ ಅವಧಿಯನ್ನು ತಮ್ಮ ಲೆಕ್ಕಾಚಾರಕ್ಕೆ ತಕ್ಕಂತೆ ಕುಗ್ಗಿಸಿ ಪರಸ್ಪರ ಜಗಳವಾಡಿದ್ದವು. ನಮಗೆ ಇಲ್ಲಿ ಬೇಕಾದದ್ದು ಆ ಜಗಳವಲ್ಲ, 30 ಎಂಬ ಸಂಖ್ಯೆ. ಐದು ನಿಮಿಷದ ಹಾಡನ್ನು ಇಡಿಯಾಗಿ ರಿಂಗ್‌ಟೋನ್ ಮಾಡಿಕೊಂಡರೂ ಅದರ ಮೊದಲ ಅರ್ಧ ನಿಮಿಷದ ಆಚೆಗೆ ಫೋನು ಹೋಗುವುದೇ ಇಲ್ಲ. ಹಾಡಿನ ಆರಂಭದಲ್ಲಿ ತಂಬೂರಿಯ ಶ್ರುತಿಯೋ ನಿಧಾನವಾಗಿ ಏಳುವ ಆಲಾಪವೋ ಇದ್ದರೆ, ಪಲ್ಲವಿ ಬರುವ ಹೊತ್ತಿಗೆ ಕರೆ ಕಡಿದುಹೋಗಿರುತ್ತದೆ. ಹೀಗಾಗಿ ಕತ್ತರಿಸಲೇಬೇಕು, ಕತ್ತರಿಸುವಾಗ ಗಟ್ಟಿಯಾದ ಭಾಗ ಮೊದಲ ಎರಡು ಮೂರು ಸೆಕೆಂಡುಗಳ ಒಳಗೇ ಬರುವಂತೆ ನೋಡಿಕೊಳ್ಳಬೇಕು.

ಯಾವ ಸದ್ದು ಎಂಬುದೂ ಮುಖ್ಯ. ಫೋನಿನ ಸ್ಪೀಕರು ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಲ್ಲ; ಅದರಿಂದ ತಗ್ಗಿದ ನಾದಗಳು ಸರಿಯಾಗಿ ಹೊರಡುವುದಿಲ್ಲ. ಮನುಷ್ಯನ ಕಿವಿ ಹೆಚ್ಚು ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವಿನ ಸದ್ದುಗಳಿಗೆ. ಡೊಳ್ಳಿನ ಗುಡುಗು ಮೈದಾನದಲ್ಲಿ ಎದೆ ನಡುಗಿಸಿದರೂ ಫೋನಿನಲ್ಲಿ ರಟ್ಟಿನ ಡಬ್ಬಿ ತಟ್ಟಿದಂತೆ ಕೇಳುವುದು ಇದೇ ಕಾರಣಕ್ಕೆ. ಚೆಂಡೆ, ನಾದಸ್ವರ, ಕೊಳಲು, ಗೆಜ್ಜೆ, ದೇವರಮನೆಯ ಕೈಗಂಟೆ ಮುಂತಾದವು ಬ್ಯಾಗಿನೊಳಗಿನಿಂದಲೂ, ಬಸ್ಸಿನ ಗದ್ದಲದ ನಡುವೆಯೂ ತೂರಿಬರುತ್ತವೆ. ಆದರೆ ವಯಸ್ಸಾದವರ ಫೋನಿಗೆ ಹಾಕುವುದಾದರೆ ತೀರಾ ಕೀರಲಾದ ಸದ್ದನ್ನು ಬಿಡಬೇಕು, ಏಕೆಂದರೆ ವಯಸ್ಸಿನೊಂದಿಗೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನೇ. ಅವರಿಗೆ ಮಧ್ಯಮ ಸ್ಥಾಯಿಯ ಹಾರ್ಮೋನಿಯಂ ಅಥವಾ ಸ್ಪಷ್ಟವಾದ ಮನುಷ್ಯ ಧ್ವನಿ ವಾಸಿ.

ಆದರೆ ಸುತ್ತಮುತ್ತ ಸಹಜವಾಗಿ ಕೇಳಿಬರುವ ಸದ್ದನ್ನು ಆರಿಸಲೇಬೇಡಿ. ನಾನೊಮ್ಮೆ ಹಿತ್ತಲಿನ ಕೋಗಿಲೆಯ ಕೂಗನ್ನೇ ರೆಕಾರ್ಡ್ ಮಾಡಿ ಹಾಕಿಕೊಂಡಿದ್ದೆ. ಮಳೆಗಾಲ, ಚಳಿಗಾಲ ಕಳೆಯುವವರೆಗೆ ಸೊಗಸಾಗಿಯೇ ಇತ್ತು. ಯುಗಾದಿ ಹತ್ತಿರವಾದಂತೆ ಮಾವಿನ ಮರದಿಂದ ನಿಜವಾದ ಕೋಗಿಲೆ ಕೂಗಿದಾಗಲೆಲ್ಲ ಒಳಗೆ ಓಡತೊಡಗಿದೆ. ನಾಲ್ಕು ದಿನಗಳಲ್ಲಿ ಓಡುವುದನ್ನು ಬಿಟ್ಟೆ. ಆಮೇಲೆ ಫೋನೇ ಕೂಗಿದರೂ ಕೋಗಿಲೆ ಎಂದುಕೊಂಡು ಸುಮ್ಮನೆ ಕುಳಿತೆ.

ಸದ್ದನ್ನು ತರುವುದು, ಕತ್ತರಿಸುವುದು

ಸಂಗೀತದ ಆಪ್‌ಗಳಲ್ಲಿ ‘ಡೌನ್‌ಲೋಡ್’ ಮಾಡಿಕೊಂಡ ಹಾಡು ರಿಂಗ್‌ಟೋನಿಗೆ ಒದಗುವುದಿಲ್ಲ. ಅದು ಆ ಆಪ್ ಮಾತ್ರ ಓದಬಲ್ಲಂತೆ ಬೀಗ ಹಾಕಿದ ರೂಪದಲ್ಲಿರುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಹುಡುಕಿದರೆ ಹಾಡಾಗಿ ಸಿಗುವುದಿಲ್ಲ. ಬೇಕಾದದ್ದು ಎಂಪಿ3 ಅಥವಾ ಎಂ4ಎ ರೂಪದ ಬಿಡಿ ಫೈಲು: ನೀವು ಹಣ ಕೊಟ್ಟು ಕೊಂಡದ್ದು, ಹಳೆಯ ಸಿ.ಡಿ.ಯಿಂದ ಇಳಿಸಿಕೊಂಡದ್ದು ಅಥವಾ ನೀವೇ ರೆಕಾರ್ಡ್ ಮಾಡಿದ್ದು. ಈ ಮೂರರಲ್ಲಿ ಮೂರನೆಯದೇ ನನಗೆ ಇಷ್ಟ. ಮನೆಯ ಮಗುವಿನ ಕೇಕೆ, ಅಜ್ಜಿ ಹೆಸರು ಹಿಡಿದು ಕರೆಯುವ ರೀತಿ, ವೀಣೆ ಕಲಿಯುತ್ತಿರುವ ಮಗಳ ಒಂದು ಸ್ವರಗುಚ್ಛ, ಇವೆಲ್ಲ ಬೇರೆ ಯಾರ ಫೋನಿನಲ್ಲೂ ಇರಲಾರವು. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಫೋನಿನ ಕೆಳ ಅಂಚಿನ ಮೈಕನ್ನು ಸದ್ದಿನ ಕಡೆಗೆ ತಿರುಗಿಸಿ ಒಂದೆರಡು ಅಡಿ ದೂರದಿಂದ ಮುದ್ರಿಸಿದರೆ ಸಾಕಷ್ಟು ಶುದ್ಧವಾಗಿ ಬರುತ್ತದೆ.

ಕತ್ತರಿಸುವುದಕ್ಕೆ ಹಲವು ಫೋನುಗಳ ವಾಯ್ಸ್ ರೆಕಾರ್ಡರ್ ಆಪ್‌ನಲ್ಲೇ ‘ಟ್ರಿಮ್’ ಅಥವಾ ‘ಎಡಿಟ್’ ಎಂಬ ಗುಂಡಿ ಇರುತ್ತದೆ. ಎರಡು ಕಡೆಯ ಗೆರೆಗಳನ್ನು ಎಳೆದು ಬೇಕಾದ ಭಾಗವನ್ನು ಉಳಿಸಿಕೊಳ್ಳಬಹುದು. ಕಂಪ್ಯೂಟರ್ ಇದ್ದವರಿಗೆ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶ ಇನ್ನೂ ಅನುಕೂಲ. ಫೈಲನ್ನು ಅದರಲ್ಲಿ ತೆರೆದು, 25ರಿಂದ 30 ಸೆಕೆಂಡಿನ ಭಾಗವನ್ನು ಆರಿಸಿ, ಉಳಿದದ್ದನ್ನು ಅಳಿಸಿ, ‘ನಾರ್ಮಲೈಸ್’ ಒತ್ತಿ ಸದ್ದನ್ನು ಏರಿಸಿ, ಕೊನೆಯ ಒಂದು ಸೆಕೆಂಡಿನಲ್ಲಿ ಸದ್ದು ಮೆಲ್ಲಗೆ ಅಡಗುವಂತೆ ‘ಫೇಡ್ ಔಟ್’ ಕೊಟ್ಟು ಎಂಪಿ3 ಆಗಿ ಹೊರತೆಗೆಯಿರಿ. ಆರಂಭಕ್ಕೆ ಫೇಡ್ ಇನ್ ಕೊಡುವ ಚಾಳಿ ಕೆಲವರಿಗಿದೆ. ಚೆಂದವೇನೋ ಹೌದು, ಆದರೆ ಕರೆಯ ಅಮೂಲ್ಯವಾದ ಮೊದಲ ಸೆಕೆಂಡುಗಳು ಪಿಸುಮಾತಿನಲ್ಲೇ ಕಳೆದುಹೋಗುತ್ತವೆ. ರಿಂಗ್‌ಟೋನ್ ಕೊಡುತ್ತೇವೆಂದು ಹೇಳಿ ಕಾಂಟ್ಯಾಕ್ಟ್ಸ್, ಮೆಸೇಜು, ಲೊಕೇಶನ್ ಎಲ್ಲಕ್ಕೂ ಅನುಮತಿ ಬೇಡುವ ಅಪರಿಚಿತ ಆಪ್‌ಗಳನ್ನೂ, ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲುಗಳನ್ನೂ (ಒತ್ತಿದರೆ ಆಪ್ ಅಳವಡಿಸುವ ಫೈಲುಗಳು) ಮುಟ್ಟಲೇಬೇಡಿ. ಒಂದು ಹಾಡಿನ ತುಣುಕಿಗೆ ನಿಮ್ಮ ಬ್ಯಾಂಕಿನ ಓಟಿಪಿ ಓದುವ ಅಗತ್ಯವಿಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ

ಕತ್ತರಿಸಿದ ಫೈಲು ಸಾಮಾನ್ಯವಾಗಿ ಡೌನ್‌ಲೋಡ್ಸ್ ಅಥವಾ ರೆಕಾರ್ಡಿಂಗ್ಸ್ ಫೋಲ್ಡರಿನಲ್ಲಿ ಇರುತ್ತದೆ. ಫೈಲ್ಸ್ ಆಪ್ ತೆರೆದು, ಅದರ ಮೇಲೆ ಬೆರಳು ಒತ್ತಿ ಹಿಡಿದು, ‘ಕಾಪಿ’ ಆರಿಸಿ, ಇಂಟರ್ನಲ್ ಸ್ಟೋರೇಜಿನಲ್ಲಿರುವ ‘ರಿಂಗ್‌ಟೋನ್ಸ್’ ಎಂಬ ಫೋಲ್ಡರಿಗೆ ಹಾಕಿ. ಇದರ ಪಕ್ಕದಲ್ಲೇ ‘ನೋಟಿಫಿಕೇಶನ್ಸ್’, ‘ಅಲಾರ್ಮ್ಸ್’ ಎಂಬ ಫೋಲ್ಡರುಗಳೂ ಇರುತ್ತವೆ. ಅವುಗಳಿಗೆ ಹಾಕಿದ ಸದ್ದು ಮೆಸೇಜಿನ ಮತ್ತು ಅಲಾರಮ್ಮಿನ ಪಟ್ಟಿಗಳಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ. ಈ ಹೆಜ್ಜೆಯನ್ನು ಬಿಟ್ಟರೂ ಈಗಿನ ಫೋನುಗಳಲ್ಲಿ ಕೆಲಸ ಆಗುತ್ತದೆ, ಆದರೆ ಮುಂದೆ ಡೌನ್‌ಲೋಡ್ಸ್ ಫೋಲ್ಡರು ಗುಡಿಸುವಾಗ ರಿಂಗ್‌ಟೋನನ್ನೂ ಗುಡಿಸಿಹಾಕಿದರೆ ಫೋನು ಹೇಳದೆ ಕೇಳದೆ ಕಂಪನಿಯ ಹಳೆಯ ಸದ್ದಿಗೆ ಮರಳುತ್ತದೆ. ಮೆಮೊರಿ ಕಾರ್ಡಿನಲ್ಲಿಟ್ಟ ಸದ್ದೂ ಕಾರ್ಡು ತೆಗೆದ ದಿನ ಹೀಗೆಯೇ ಮಾಯವಾಗುತ್ತದೆ.

ಈಗ ಸೆಟ್ಟಿಂಗ್ಸ್‌ಗೆ ಹೋಗಿ ‘ಸೌಂಡ್ ಅಂಡ್ ವೈಬ್ರೇಶನ್’ ತೆರೆಯಿರಿ; ಒಳಗೆ ‘ಫೋನ್ ರಿಂಗ್‌ಟೋನ್’ ಅಥವಾ ಬರಿಯ ‘ರಿಂಗ್‌ಟೋನ್’ ಎಂದಿರುತ್ತದೆ. ಸ್ಯಾಮ್ಸಂಗ್ ಫೋನುಗಳಲ್ಲಿ ಆ ಪುಟದ ಮೇಲ್ಭಾಗದ ಬಲಮೂಲೆಯ ಕೂಡು ಚಿಹ್ನೆಯನ್ನು ಒತ್ತಿದರೆ ಫೋನಿನಲ್ಲಿರುವ ಹಾಡುಗಳ ಪಟ್ಟಿ ತೆರೆಯುತ್ತದೆ. ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ‘ಮೈ ಸೌಂಡ್ಸ್’ ಒಳಗೆ ಹೋಗಿ ಅದೇ ಕೂಡು ಚಿಹ್ನೆ ಒತ್ತಬೇಕು. ಶಓಮಿ, ರೆಡ್ಮಿ ಫೋನುಗಳಲ್ಲಿ ‘ಲೋಕಲ್ ರಿಂಗ್‌ಟೋನ್’ ಎಂಬ ಮಾತು ಹುಡುಕಿ. ಕಂಪನಿಗೊಂದು ಹೆಸರು, ಆವೃತ್ತಿಗೊಂದು ಜಾಗ ಎಂಬಂತಿರುವುದರಿಂದ ದಾರಿ ತಪ್ಪಿದರೆ ಸೆಟ್ಟಿಂಗ್ಸ್ ಪುಟದ ನೆತ್ತಿಯ ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ರಿಂಗ್‌ಟೋನ್ ಎಂದು ಬರೆಯುವುದೇ ಅತಿ ಹತ್ತಿರದ ದಾರಿ.

ಇಲ್ಲಿ ಒಂದು ಚಿಕ್ಕ ಕಿರಿಕಿರಿ ಎದುರಾಗಬಹುದು. ಫೈಲಿಗೆ ನೀವು ‘ಅಪ್ಪ’ ಎಂದು ಹೊಸ ಹೆಸರು ಕೊಟ್ಟಿದ್ದರೂ ಪಟ್ಟಿಯಲ್ಲಿ ಅದು ಯಾವುದೋ ಜಾಲತಾಣದ ಹೆಸರಿನಲ್ಲಿ ಕಾಣಬಹುದು. ಪಟ್ಟಿ ತೋರಿಸುವುದು ಫೈಲಿನ ಹೆಸರನ್ನಲ್ಲ, ಹಾಡಿನೊಳಗೆ ಅಡಗಿರುವ ಶೀರ್ಷಿಕೆಯ ಚೀಟಿಯನ್ನು. ಆಡಾಸಿಟಿಯಿಂದ ಹೊರತೆಗೆಯುವಾಗ ಆ ಚೀಟಿಯನ್ನು ತಿದ್ದುವ ಅವಕಾಶವಿದೆ.

ಒಬ್ಬೊಬ್ಬರಿಗೆ ಒಂದೊಂದು ಸದ್ದು ಇಡುವುದೇ ಈ ಸೌಲಭ್ಯದ ನಿಜವಾದ ಉಪಯೋಗ ಎನ್ನಬೇಕು. ಒಲೆಯ ಮುಂದೆ ಹಿಟ್ಟಿನ ಕೈಯಲ್ಲಿದ್ದಾಗ ಕರೆ ಊರಿನಿಂದಲೋ ಸಾಲ ಬೇಕೇ ಎಂದು ಕೇಳುವವರಿಂದಲೋ ಎಂಬುದು ಫೋನು ನೋಡದೆಯೇ ತಿಳಿಯುತ್ತದೆ. ಕಾಂಟ್ಯಾಕ್ಟ್ಸ್ ಆಪ್‌ನಲ್ಲಿ ಆ ವ್ಯಕ್ತಿಯ ಹೆಸರು ತೆರೆದು, ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ ‘ಸೆಟ್ ರಿಂಗ್‌ಟೋನ್’ ಆರಿಸಿ. ಸ್ಯಾಮ್ಸಂಗ್‌ನಲ್ಲಿ ‘ಎಡಿಟ್’ ಒತ್ತಿ, ಪೂರ್ತಿ ವಿವರ ತೆರೆದ ಮೇಲೆ ಕೆಳಗೆ ರಿಂಗ್‌ಟೋನ್ ಸಿಗುತ್ತದೆ. ಈ ಆಯ್ಕೆ ಕಾಣಿಸದಿದ್ದರೆ ಆ ಹೆಸರು ಸಿಮ್ ಕಾರ್ಡಿನಲ್ಲಿ ಉಳಿದಿದೆ ಎಂದು ಊಹಿಸಬಹುದು. ಸಿಮ್ಮಿನಲ್ಲಿ ಹೆಸರು, ಸಂಖ್ಯೆಗಳಿಗಷ್ಟೇ ಜಾಗ. ಅದನ್ನು ಫೋನಿಗೆ ಅಥವಾ ಗೂಗಲ್ ಖಾತೆಗೆ ವರ್ಗಾಯಿಸಿದ ಮೇಲೆ ರಿಂಗ್‌ಟೋನ್ ಅಂಟಿಸಬಹುದು. ಎರಡು ಸಿಮ್ ಇರುವವರಿಗೆ ಕೆಲವು ಫೋನುಗಳು ಸಿಮ್ಮಿಗೊಂದು ಸದ್ದನ್ನೂ ಕೊಡುತ್ತವೆ. ಅಂಗಡಿಯ ಸಂಖ್ಯೆ ಒಂದು, ಮನೆಯದು ಇನ್ನೊಂದು ಇರುವವರಿಗೆ ಇದು ಅನುಕೂಲ.

ಐಫೋನಿನಲ್ಲಿ

ಐಫೋನಿನಲ್ಲಿ ಈ ಕೆಲಸ ಬಹುಕಾಲ ಬಳಸುದಾರಿಯದೇ ಆಗಿತ್ತು. 2025ರಲ್ಲಿ ಬಂದ ಐಓಎಸ್ 26, ಅಂದರೆ ಐಫೋನನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ, ಅದನ್ನು ಸರಳಗೊಳಿಸಿದೆ: 30 ಸೆಕೆಂಡಿಗಿಂತ ಚಿಕ್ಕದಾದ ಎಂಪಿ3 ಅಥವಾ ಎಂ4ಎ ಫೈಲನ್ನು ಫೈಲ್ಸ್ ಆಪ್‌ನಲ್ಲಿ ತೆರೆದು, ‘ಶೇರ್’ ಒತ್ತಿ, ‘ಯೂಸ್ ಆ್ಯಸ್ ರಿಂಗ್‌ಟೋನ್’ ಆರಿಸಿದರೆ ಮುಗಿಯಿತು. ಐಫೋನಿನ ರೆಕಾರ್ಡರ್ ಆಪ್ ಆದ ವಾಯ್ಸ್ ಮೆಮೋಸ್‌ನಲ್ಲಿ ಮುದ್ರಿಸಿ ಕತ್ತರಿಸಿದ್ದನ್ನೂ ‘ಸೇವ್ ಟು ಫೈಲ್ಸ್’ ಮೂಲಕ ಇಲ್ಲಿಗೆ ತರಬಹುದು.

ಹಳೆಯ ಆವೃತ್ತಿ ಇರುವವರು ಆಪಲ್‌ನದೇ ಉಚಿತ ಗರಾಜ್‌ಬ್ಯಾಂಡ್ ಆಪ್‌ನ ಮೊರೆ ಹೋಗಬೇಕು. ಅದರಲ್ಲಿ ಹೊಸ ಹಾಡು ಆರಂಭಿಸಿ ಯಾವುದಾದರೊಂದು ವಾದ್ಯವನ್ನು ಆರಿಸಿ, ಟ್ರ್ಯಾಕುಗಳ ನೋಟಕ್ಕೆ ಬದಲಾಯಿಸಿ, ಬಲಮೇಲ್ಭಾಗದ ಕುಣಿಕೆಯಂಥ ಚಿಹ್ನೆಯಿಂದ ನಿಮ್ಮ ಫೈಲನ್ನು ಹುಡುಕಿ ಟ್ರ್ಯಾಕಿಗೆ ಎಳೆದು ತನ್ನಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಗರಾಜ್‌ಬ್ಯಾಂಡ್ ತಾನಾಗಿ 8 ಬಾರ್‌ಗಳ (ತಾಳದ ಸುತ್ತುಗಳ) ಜಾಗವನ್ನಷ್ಟೇ ಕೊಟ್ಟಿರುತ್ತದೆ. ಸಾಮಾನ್ಯ ವೇಗದಲ್ಲಿ ಅದು 20 ಸೆಕೆಂಡಿಗೂ ಕಡಿಮೆ, ಆದ್ದರಿಂದ ತುಣುಕು ಅರ್ಧಕ್ಕೇ ತುಂಡಾಗುತ್ತದೆ. ಬಲತುದಿಯ ಕೂಡು ಚಿಹ್ನೆ ಒತ್ತಿ ‘ಸೆಕ್ಷನ್’ ಉದ್ದವನ್ನು ‘ಆಟೊಮ್ಯಾಟಿಕ್’ ಮಾಡಿದ ಮೇಲೆಯೇ ಫೈಲನ್ನು ಎಳೆದು ತರಬೇಕು. ಕೆಲಸ ಉಳಿಸಿ ಹೊರಬಂದು, ಆ ಹಾಡಿನ ಮೇಲೆ ಬೆರಳಿಟ್ಟು ಹಿಡಿದು ‘ಶೇರ್’, ‘ರಿಂಗ್‌ಟೋನ್’, ‘ಎಕ್ಸ್‌ಪೋರ್ಟ್’ ಎಂದು ಸಾಲಾಗಿ ಒತ್ತಿದರೆ ಎಲ್ಲ ಕರೆಗಳಿಗೋ ಒಬ್ಬರಿಗಷ್ಟೇಯೋ ಎಂದು ಅದೇ ಕೇಳುತ್ತದೆ.

ಹಾಕಿದ ಮೇಲೂ ಕೇಳದಿದ್ದರೆ

ಹಾಡು ಕೇಳುವಾಗ ಪಕ್ಕದ ಗುಂಡಿಯಿಂದ ಏರಿಸುವುದು ಮೀಡಿಯಾ ವಾಲ್ಯೂಮ್. ರಿಂಗಿನದು ಬೇರೆ ಪಟ್ಟಿ, ಅದನ್ನು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನೋಡಬೇಕು. ‘ಡು ನಾಟ್ ಡಿಸ್ಟರ್ಬ್’ ರಾತ್ರಿ ತಾನಾಗಿ ಚಾಲೂ ಆಗುವಂತೆ ಇಟ್ಟಿದ್ದರೆ ಎಂಥ ಚೆಂಡೆಯೂ ಮೂಕವೇ. ಊರಲ್ಲಿ ವಯಸ್ಸಾದ ತಂದೆತಾಯಿ ಇರುವವರು ಅವರ ಹೆಸರಿಗೆ ಆಂಡ್ರಾಯ್ಡ್‌ನಲ್ಲಿ ನಕ್ಷತ್ರ ಹಚ್ಚಿ, ನಕ್ಷತ್ರವಿರುವವರ ಕರೆಗಳಿಗೆ ವಿನಾಯಿತಿ ಕೊಡಬೇಕು. ಐಫೋನಿನಲ್ಲಿ ಆ ಹೆಸರನ್ನು ಎಡಿಟ್ ಮಾಡುವಾಗ ರಿಂಗ್‌ಟೋನ್ ಒಳಗೇ ಇರುವ ‘ಎಮರ್ಜೆನ್ಸಿ ಬೈಪಾಸ್’ ಒತ್ತಬೇಕು. ವಾಟ್ಸ್ಆ್ಯಪ್ ಕರೆಗೆ ಮಾತ್ರ ಹಳೆಯ ಸದ್ದೇ ಬರುತ್ತಿದೆಯೆಂದರೆ ಅದು ದೋಷವಲ್ಲ; ಆಂಡ್ರಾಯ್ಡ್‌ನಲ್ಲಿ ಆ ಆಪ್‌ನ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಶನ್ಸ್ ಪುಟದಲ್ಲಿ ಕರೆಗಳ ರಿಂಗ್‌ಟೋನ್ ಪ್ರತ್ಯೇಕವಾಗಿದೆ. ದುಬೈನಲ್ಲೋ ಡಲ್ಲಾಸ್‌ನಲ್ಲೋ ಇರುವ ಮಕ್ಕಳು ಕರೆಯುವುದು ವಾಟ್ಸ್ಆ್ಯಪ್‌ನಲ್ಲೇ ಆದರೆ, ಹೊಸ ಸದ್ದನ್ನು ಇಡಬೇಕಾದ ಜಾಗವೂ ಇದೇ.

ಎಲ್ಲ ಮುಗಿದ ಮೇಲೆ ಫೋನನ್ನು ನೀವು ದಿನವೂ ಒಯ್ಯುವ ಬ್ಯಾಗಿನಲ್ಲೇ ಹಾಕಿ, ಅದರ ಬಾಯಿ ಮುಚ್ಚಿ, ನಡುಮನೆಯಲ್ಲಿಟ್ಟು, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಇನ್ನೊಂದು ಫೋನಿನಿಂದ ಕರೆ ಮಾಡಿಸಿ ನೋಡಿ. ಐದು ಸೆಕೆಂಡಿನೊಳಗೆ ತಲೆ ಅತ್ತ ತಿರುಗದಿದ್ದರೆ ಫೈಲನ್ನು ಮತ್ತೆ ತೆರೆದು ಆರಂಭವನ್ನು ಇನ್ನೊಂದಿಷ್ಟು ಕತ್ತರಿಸಿ.