ಎಣ್ಣೆಯ ಊರನ್ನು ಕ್ಲಾಸಿಗೆ ತರುವುದು ಹೇಗೆ

‘ಫೋರ್ಟ್ ಮೆಕ್‌ಮನಿ’ ಆಟವನ್ನು ಮೊದಲ ಸಲ ಕ್ಲಾಸಿಗೆ ತಂದಾಗ ನಾನು ಪೂರ್ತಿ ಕೆಡಿಸಿದ್ದೆ. 32 ಮಕ್ಕಳಿಗೆ 32 ಕಂಪ್ಯೂಟರ್ ಕೊಟ್ಟು ‘ಆಡಿ’ ಅಂದು ಸುಮ್ನೆ ಕೂತೆ. ಸಿಕ್ಕಿದ್ದನ್ನೆಲ್ಲ ಒತ್ತಿದರು. ಕೊನೆಗೆ ‘ಎಣ್ಣೆ ತೆಗೆಯುವುದನ್ನು ನಿಲ್ಲಿಸಬೇಕಾ?’ ಎಂದು ಕೇಳಿದೆ. 32 ಕೈಯೂ ಮೇಲೆ. ಎರಡೇ ನಿಮಿಷಕ್ಕೆ ಚರ್ಚೆ ಮುಗಿಯಿತು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. 2013ರ ನವೆಂಬರಿನಲ್ಲಿ ಬಂದದ್ದು, ದಾವಿದ್ ದ್ಯುಫ್ರೆನ್ ಎಂಬ ಪತ್ರಕರ್ತನ ಕೆಲಸ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ನೆಲದಿಂದ ಕಚ್ಚಾ ಎಣ್ಣೆ ತೆಗೆಯುವ ಫೋರ್ಟ್ ಮೆಕ್‌ಮರಿ ಊರು, ಅಲ್ಲಿನ ನಿಜವಾದ ಜನ, ನಿಜವಾದ ಸಂದರ್ಶನ. ಯಾರನ್ನು ಮಾತಾಡಿಸಬೇಕೆಂದು ಆರಿಸುವವರು ನೀವು. ಆಮೇಲೆ ಊರಿನ ಭವಿಷ್ಯಕ್ಕೆ ಮತ ಹಾಕುತ್ತೀರಿ. ಇಂಟರ್ನೆಟ್‌ನಲ್ಲಿ ಆಟಗಾರರೆಲ್ಲ ನೇರವಾಗಿ ಮತ ಹಾಕುತ್ತಿದ್ದ ವಾರಗಳು ಯಾವತ್ತೋ ಮುಗಿದವು, ಹಾಗಾಗಿ ಮತಪೆಟ್ಟಿಗೆ ಕ್ಲಾಸಿನಲ್ಲೇ ಇಡಬೇಕು. ಅದೇ ಒಳ್ಳೆಯದು ಕೂಡ. (ಆಟ ತೆರೆಯುತ್ತದಾ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.)

ಈಗ ನಾನು ಮೂರು ಜನಕ್ಕೆ ಒಂದು ಸ್ಕ್ರೀನ್ ಕೊಡುತ್ತೇನೆ. ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರ ಕೈಯಲ್ಲಿ ಪೆನ್ನು. ಮೂರನೆಯವರಿಗೆ ಒಂದೇ ಕೆಲಸ: ಎದುರಿನ ವ್ಯಕ್ತಿಯನ್ನು ಏನು ಕೇಳಲು ಆಟ ಬಿಡಲಿಲ್ಲ, ಅದನ್ನು ಪಟ್ಟಿ ಮಾಡುವುದು.

ಆಡುವ ಮುಂಚೆ ಹಿನ್ನೆಲೆ 20 ನಿಮಿಷ ಸಾಕು. ಅಲ್ಲಿ ಎಣ್ಣೆ ಬಾವಿಯಿಂದ ಚಿಮ್ಮುವುದಿಲ್ಲ. ಡಾಂಬರಿನಂಥ ಬಿಟುಮೆನ್ ಮರಳಿಗೆ ಅಂಟಿಕೊಂಡಿದೆ. ಮೇಲೇ ಇದ್ದರೆ ಕಾಡು ಕಡಿದು ಅಗೆಯುತ್ತಾರೆ, ಆಳದಲ್ಲಿದ್ದರೆ ಹಬೆ ಬಿಟ್ಟು ಕರಗಿಸುತ್ತಾರೆ. ಮರಳು ತೊಳೆದ ನೀರು ದೊಡ್ಡ ಹೊಂಡಗಳಲ್ಲಿ ನಿಲ್ಲುತ್ತದೆ. 2008ರಲ್ಲಿ ಅಂಥ ಒಂದು ಹೊಂಡಕ್ಕೆ ಇಳಿದ ಸುಮಾರು 1,600 ಬಾತುಕೋಳಿಗಳು ಸತ್ತವು. ಇದನ್ನು ಹೇಳಿದಾಗ ಕ್ಲಾಸು ತಣ್ಣಗಾಗುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಮತ್ತೆ 32 ಕೈ, ಅಲ್ವಾ?

ಅದಕ್ಕೇ ಒಬ್ಬೊಬ್ಬರಿಗೂ ಒಂದು ಪಾತ್ರ ಬರೆದ ಚೀಟಿ. ಮನೆ ಸಾಲ ಇರುವ ಟ್ರಕ್ ಚಾಲಕಿ. ಅಥಬಾಸ್ಕಾ ನದಿ ಹರಿದುಹೋಗುವ ಕೆಳದಿಕ್ಕಿನಲ್ಲಿ, ಫೋರ್ಟ್ ಚಿಪೆವಯಾನ್‌ನಲ್ಲಿ ಮೀನು ಹಿಡಿಯುವ ಮೂಲನಿವಾಸಿ. ಪ್ರಾಂತ್ಯದ ಹಣಕಾಸು ಅಧಿಕಾರಿ. ಊರಿಗೆ ರಸ್ತೆ, ಮನೆಗಳು ಸಾಕಾಗದೆ ಒದ್ದಾಡುವ ಮೇಯರ್. ಮತ ಎರಡು ಸಲ ಹಾಕಿಸಿ: ಮೊದಲು ತಮ್ಮದೇ ಮನಸ್ಸಿನಂತೆ, ಆಮೇಲೆ ಚೀಟಿಯಲ್ಲಿರುವವರಾಗಿ. ಎರಡೂ ಎಣಿಕೆ ಬೋರ್ಡಿನ ಮೇಲೆ ಅಕ್ಕಪಕ್ಕ ಇರಲಿ. ಕಳೆದ ಸಲ ‘ನಿಲ್ಲಿಸಿ’ಗೆ 29, ‘ಬೇಡ’ಕ್ಕೆ 3 ಇದ್ದದ್ದು ಚೀಟಿ ಹಿಡಿದ ಮೇಲೆ 14–18 ಆಯಿತು. ಗಲಾಟೆ ಶುರುವಾದದ್ದು ಆಗ.

ನಡುವೆ ಎರಡು ಸುದ್ದಿ ಕೊಡುತ್ತೇನೆ. ಎರಡೂ ಆಟ ಬಂದ ಮೇಲಿನವು. 2014ರ ಮಧ್ಯದಲ್ಲಿ 100 ಡಾಲರ್ ದಾಟಿದ್ದ ಬ್ಯಾರೆಲ್ ಎಣ್ಣೆ 2015ರ ಜನವರಿಗೆ 50ಕ್ಕಿಂತ ಕೆಳಗಿಳಿಯಿತು. 2016ರ ಮೇ ತಿಂಗಳಲ್ಲಿ ಕಾಡ್ಗಿಚ್ಚಿಗೆ ಹೆದರಿ 80 ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ಮತ ಬದಲಿಸುವವರಿಗೆ ಅವಕಾಶ ಕೊಡಿ, ಕಾರಣ ಮಾತ್ರ ಬಾಯಿಬಿಟ್ಟು ಹೇಳಬೇಕು.

ನನಗೆ ತುಂಬಾ ಇಷ್ಟವಾದ ಹಂತ ಆಮೇಲಿನದು. ‘ನಿಲ್ಲಿಸಿ ಅಂತ ಮತ ಹಾಕಿದಿರಿ, ಸರಿ. ನಿಲ್ಲಿಸುವವರು ಯಾರು?’ ‘ಮೇಯರ್’ ಎನ್ನುತ್ತಾರೆ. ಆದರೆ ಕೆನಡಾದಲ್ಲಿ ನೈಸರ್ಗಿಕ ಸಂಪತ್ತು ಪ್ರಾಂತ್ಯಗಳ ಕೈಯಲ್ಲಿದೆ. ಎಣ್ಣೆ ತೆಗೆಯಲು ಕಂಪನಿಗಳು ಕೊಡುವ ಪಾಲು, ಅಂದರೆ ರಾಯಲ್ಟಿಯೂ ಪ್ರಾಂತ್ಯಕ್ಕೇ. ಫೋರ್ಟ್ ಮೆಕ್‌ಮರಿಗಂತೂ ಈಗ ಸ್ವಂತ ನಗರಸಭೆಯೂ ಇಲ್ಲ. 1995ರಲ್ಲೇ ಅದು ವುಡ್ ಬಫಲೋ ಎಂಬ ದೊಡ್ಡ ಪ್ರಾದೇಶಿಕ ಆಡಳಿತದೊಳಗೆ ಸೇರಿಹೋಯಿತು, ಮೇಯರ್ ಇರುವುದೂ ಅದಕ್ಕೇ. ಹಾಗಾದರೆ ಆಟ ನಮ್ಮ ಕೈಗೆ ಕೊಟ್ಟ ಅಧಿಕಾರ ಆ ಊರಿನವರಿಗೆ ಇದೆಯಾ? ಇಲ್ಲಿ ಉತ್ತರ ಹೇಳಿಬಿಡಬೇಡಿ. ಐದು ನಿಮಿಷ ಒದ್ದಾಡಲಿ.

ಕೊನೆಯಲ್ಲಿ ಮೂರನೆಯವರ ಪಟ್ಟಿ ಓದಿಸಿ. ಕಳೆದ ಸಲ ಜಾಸ್ತಿ ಸಲ ಬಂದ ಪ್ರಶ್ನೆ ಇದು: ‘ಈ ಎಣ್ಣೆ ಕೊಳ್ಳುವವರು ಯಾರು?’ ಅದಕ್ಕೆ ಇನ್ನೊಂದು ಪೀರಿಯಡ್ ಬೇಕಾಯಿತು.